ನರ್ಸ್‌ಗಳಿಗೆ ಕಾಳಜಿ ಕಲಿಸೋದು ಹೇಗೆ? ಸ್ಲೈಡ್ ತೋರಿಸಿ ಸೋತಿದ್ದೇನೆ

ವಾರ್ಡ್ ಇನ್‌ಚಾರ್ಜ್, ಕೋಲಾರ:
ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಡಿಸ್ಚಾರ್ಜ್ ಆಗುವಾಗ ರೋಗಿಗಳು ಬರೆದುಕೊಡುವ ಫಾರಂನಲ್ಲಿ ಚಿಕಿತ್ಸೆ ಬಗ್ಗೆ ದೂರಿಲ್ಲ. "ಸಿಸ್ಟರ್ ಮುಖ ಕೊಟ್ಟು ಮಾತಾಡಲ್ಲ" ಅನ್ನೋದೇ ಜಾಸ್ತಿ. ಇತ್ತ ಆರು ತಿಂಗಳಲ್ಲಿ ನಾಲ್ಕು ಹುಡುಗಿಯರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು. ಕ್ಲಾಸ್ ತಗೊಳ್ಳಿ ಅಂದರು, ತಗೊಂಡೆ. ನರ್ಸ್ ಮತ್ತು ರೋಗಿಯ ಸಂಬಂಧದ ಬಗ್ಗೆ ನರ್ಸಿಂಗ್ ಚಿಂತಕಿ ಪೆಪ್ಲಾವ್ 1952ರಲ್ಲೇ ಹೇಳಿದ್ದು, ಇನ್ನೊಬ್ಬ ನರ್ಸಿಂಗ್ ಚಿಂತಕಿ ಸ್ವಾನ್ಸನ್ ಹೇಳಿದ ಕಾಳಜಿಯ ಐದು ಅಂಶ, ಎಲ್ಲ ಸ್ಲೈಡ್‌ಗೆ ಹಾಕಿದೆ. ನೈಟ್ ಮುಗಿಸಿ ಬಂದ ಇಬ್ಬರು ತೂಕಡಿಸಿದರು, ಉಳಿದವರು ತಲೆಯಾಡಿಸಿದರು, ಮಾರನೇ ದಿನ ವಾರ್ಡ್‌ನಲ್ಲಿ ಅದೇ ರಾಗ. ಅಲ್ಲ, ನಗುನಗುತ್ತಾ ಮಾತಾಡೋದನ್ನ ಕಲಿಸೋಕಾಗುತ್ತಾ?

ಹಳೇ ಟ್ಯೂಟರ್, ತುಮಕೂರು:
ನಗು ಕಲಿಸಬೇಡಿ ಮೇಡಂ, ಕೂರೋದು ಕಲಿಸಿ. ಅಮೆರಿಕದ ಕಾನ್ಸಾಸ್‌ನಲ್ಲಿ ಬೆನ್ನುಮೂಳೆ ಆಪರೇಷನ್ ಆದ 120 ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು, 2012ರಲ್ಲಿ ಪ್ರಕಟವಾಯಿತು. ಡಾಕ್ಟರ್ ಕೆಲವರ ಹತ್ತಿರ ನಿಂತು ಮಾತಾಡಿದರು, ಕೆಲವರ ಹತ್ತಿರ ಕೂತು. ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೂ ಕೂತಾಗಲೇ ತುಂಬಾ ಹೊತ್ತು ಇದ್ದರು ಅಂತ ರೋಗಿಗಳಿಗೆ ಅನ್ನಿಸಿತ್ತು.

ನಮ್ಮಲ್ಲಿ ಶ್ರೀನಿವಾಸಪುರ ಕಡೆಯ ಅಜ್ಜಿಯೊಬ್ಬರು ಎರಡು ದಿನ ಊಟ ಮುಟ್ಟಲಿಲ್ಲ. ಕೇಸ್ ಶೀಟ್‌ನಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದಿದ್ದರು. ಒಬ್ಬ ವಿದ್ಯಾರ್ಥಿನಿ ಮಂಚದ ಪಕ್ಕ ಕೂತು, ಬಂದಷ್ಟು ತೆಲುಗಿನಲ್ಲಿ ಮನೆ ವಿಚಾರ ತೆಗೆದಳು. ಮನೆಯಲ್ಲಿ ಹಸು ಕರು ಹಾಕೋ ಹೊತ್ತು, ನೋಡಿಕೊಳ್ಳೋಕೆ ಯಾರಿದ್ದಾರೋ ಅನ್ನೋ ಚಿಂತೆ ಅಜ್ಜಿಗೆ. ಮಗನಿಗೆ ಫೋನ್ ಮಾಡಿ ಕೊಟ್ಟಳು. ಮಧ್ಯಾಹ್ನ ಮುದ್ದೆ ಊಟ ಆಯಿತು. ಸ್ವಾನ್ಸನ್ ಐದರಲ್ಲಿ ಮೊದಲನೆಯದು ಇದೇ ಅಲ್ವಾ, ರೋಗಿಯನ್ನು ತಿಳಿದುಕೊಳ್ಳೋದು?

ಇನ್ನೊಂದು ಮಾಡಿ ನೋಡಿ. ಒಬ್ಬ ನರ್ಸ್‌ನ ಮಂಚದ ಮೇಲೆ ಮಲಗಿಸಿ, ಕೈಗೆ ಸಲೈನ್ ಟ್ಯೂಬ್ ಅಂಟಿಸಿ, ಇಬ್ಬರು ಅವಳ ತಲೆ ಮೇಲೇ "ಮೂರನೇ ಬೆಡ್ಡು, ಗಾಲ್ ಬ್ಲಾಡರು" ಅಂತ ಮಾತಾಡಲಿ. ಹತ್ತು ನಿಮಿಷ ಸಾಕು, ಸ್ಲೈಡ್ ಬೇಡ.

ನೈಟ್ ಡ್ಯೂಟಿ:
ಕೂರಬೇಕು ಸರಿ, ಯಾವಾಗ? ರಾತ್ರಿ ಒಬ್ಬಳಿಗೆ 22 ಬೆಡ್. ಡ್ರಿಪ್ ಬದಲಾಯಿಸಿ, ಶುಗರ್ ನೋಡಿ, ಎನ್‌ಎಬಿಎಚ್ (ಆಸ್ಪತ್ರೆ ಗುಣಮಟ್ಟದ ಮಾನ್ಯತೆ) ಫೈಲ್ ತುಂಬಿಸೋಷ್ಟರಲ್ಲಿ ಬೆಳಗಾಗುತ್ತೆ. ನನ್ನ ಹಳೇ ಆಸ್ಪತ್ರೆಯಲ್ಲಿ ರೋಗಿಯ ಮನೆಯವರ ಎದುರೇ ನನ್ನನ್ನು ಬೈದು, ಅದೇ ಸಂಜೆ "ಅನುಕಂಪ" ಅಂತ ಕ್ಲಾಸ್ ಇಟ್ಟಿದ್ದರು. ನಗು ಬಂತು. ನಮ್ಮನ್ನು ಯಾರು ಕೇಳ್ತಾರೆ? ಕ್ಲಾಸ್‌ನ ಡ್ಯೂಟಿ ಅವಧಿಯಲ್ಲೇ ಇಡಿ. ನೈಟ್ ಮಾಡಿದವರನ್ನು ಸುಮ್ನೆ ಮನೆಗೆ ಕಳಿಸಿ. ಆ ನಾಲ್ಕು ಜನ ಯಾಕೆ ಹೋದರು ಅಂತ ಅವರಿಗೇ ಫೋನ್ ಮಾಡಿ ಕೇಳಿದ್ದೀರಾ?

ಮುಳಬಾಗಿಲಿನವನು:
ನಾನು ನರ್ಸ್ ಅಲ್ಲ. ಅಪ್ಪನ ಜೊತೆ ಒಂಬತ್ತು ದಿನ ವಾರ್ಡ್‌ನಲ್ಲಿದ್ದೆ. ಎಲ್ಲರೂ "ಬರ್ತೀನಿ ಇರಿ" ಅಂತಿದ್ದರು. ಒಬ್ಬ ಸಿಸ್ಟರ್ ಮಾತ್ರ "ಇಪ್ಪತ್ತು ನಿಮಿಷ ಆಗುತ್ತೆ, ಆರನೇ ಬೆಡ್‌ಗೆ ರಕ್ತ ಕೊಡ್ತಿದ್ದೀನಿ" ಅನ್ನೋರು, ಹೇಳಿದ ಹೊತ್ತಿಗೆ ಬರೋರು. ಅವರು ನಕ್ಕಿದ್ದು ನೆನಪಿಲ್ಲ. ಅಪ್ಪ ಇವತ್ತಿಗೂ ಅವರನ್ನೇ ಕೇಳ್ತಾರೆ.

ವಾರ್ಡ್ ಇನ್‌ಚಾರ್ಜ್, ಕೋಲಾರ:
ನೈಟ್ ಡ್ಯೂಟಿಯವರೇ, ಕೇಳಿರಲಿಲ್ಲ. ಇವತ್ತು ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ಸಂಬಳದ ಮಾತೇ ಎತ್ತಲಿಲ್ಲ, ಒಬ್ಬಳು ಹೇಳಿದ್ದು ನನ್ನ ಬಗ್ಗೆಯೇ. ಅದನ್ನು ಇಲ್ಲಿ ಬರೆಯೋಕೆ ಇನ್ನೂ ಧೈರ್ಯ ಸಾಲದು. ಸದ್ಯಕ್ಕೆ ವಾರ್ಡ್‌ಗೆ ಆರು ಸ್ಟೂಲ್ ಬೇಕು ಅಂತ ಇಂಡೆಂಟ್ ಹಾಕಿದ್ದೇನೆ. ಸ್ಟೋರ್‌ನವರು ಯಾವ ಕಾರಣಕ್ಕೆ ಅಂತ ಕೇಳಿದರು. ಕೂರೋಕೆ ಅಂತ ಬರೆದೆ.