ಹನ್ನೊಂದು ವರ್ಷ ನಿಂತ ಎಂಜಿಬಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಇಂಗ್ಲೆಂಡಿನ ರೆಡಿಂಗ್‌ನಿಂದ

ಕಳೆದ ತಿಂಗಳು ಒಂದು ಅವಿವೇಕ ಮಾಡಿದೆ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ತೀರಿಹೋದ ಗಂಡನ ಕಾರನ್ನು ಮಾರುತ್ತಿದ್ದರು. 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಸೂರಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಕ್ರೋಮ್ ಬಂಪರ್, ತಂತಿ ಕಡ್ಡಿಗಳ ಚಕ್ರ. ಸುಮ್ಮನೆ ನೋಡಿ ಬರಲು ಹೋದವನು ಕೊಂಡುಕೊಂಡೇ ಬಂದೆ. ಹನ್ನೊಂದು ವರ್ಷದಿಂದ ಅದು ಗ್ಯಾರೇಜಿನ ಹೊರಗೆ ಬಂದಿಲ್ಲ. ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ, ಚಾಲೂ ಮಾಡುವ ಧೈರ್ಯ ಇನ್ನೂ ಬಂದಿಲ್ಲ. ದಾವಣಗೆರೆಯಲ್ಲಿ ಅಪ್ಪನ ಬಜಾಜ್ ಸ್ಕೂಟರಿನ ಪ್ಲಗ್ ಉಜ್ಜಿದ್ದಷ್ಟೇ ನನ್ನ ಮೆಕ್ಯಾನಿಕ್ ವಿದ್ಯೆ. ಬಣ್ಣ ಫಳಫಳ ಹೊಳೆಯುತ್ತಿರುವುದರಿಂದ ಮೈ ಗಟ್ಟಿಯಾಗಿದೆ ಎಂದುಕೊಂಡು, ಮೊದಲು ಎಂಜಿನ್ ಬಿಚ್ಚಿಸೋಣ ಎಂದಿದ್ದೇನೆ. ಸರಿಯೇ? ಒಂದೇ ಚಳಿಗಾಲದಲ್ಲಿ ಮುಗಿಸಬೇಕು ಎಂಬುದು ಮನೆಯಲ್ಲಿ ಆಗಿರುವ ಕರಾರು. ಅನುಭವ ಇರುವವರು ಹೇಳಿ.

ಲೆಸ್ಟರ್‌ನಿಂದ

ಎಂಜಿನ್ ಮುಟ್ಟಬೇಡಿ. ಅದು 1798 ಸಿಸಿಯ ಬಿ-ಸರಣಿಯ ಎಂಜಿನ್. ಎತ್ತಿನಂಥದ್ದು, ಹೊಡೆದರೂ ಬೈದರೂ ಎಳೆಯುತ್ತದೆ. ಅದರ ಬಿಡಿಭಾಗವೆಲ್ಲ ಇವತ್ತಿಗೂ ಸಿಗುತ್ತದೆ. ಎಂಜಿಬಿಯನ್ನು ಕೊಲ್ಲುವುದು ಎಂಜಿನ್ ಅಲ್ಲ, ತುಕ್ಕು.

ಹಳೆಯ ಜೀಪಿನ ಹಾಗೆ ಈ ಕಾರಿಗೆ ಕೆಳಗೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಎಲುಬು. ರೋಡ್‌ಸ್ಟರ್‌ಗೆ ತಲೆಯ ಮೇಲೆ ಸೂರೂ ಇಲ್ಲದ್ದರಿಂದ ಮುಂದಿನ ಅರ್ಧವನ್ನು ಹಿಂದಿನ ಅರ್ಧಕ್ಕೆ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಬಾಗಿಲುಗಳ ಕೆಳಗಿನ ಎರಡು ಸಿಲ್‌ಗಳು, ಅಂದರೆ ಹೊಸ್ತಿಲುಗಳು. ಹೊರಗಿನದೊಂದು, ಒಳಗಿನದೊಂದು, ನಡುವೆ ಇನ್ನೊಂದು ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ, ಹೀಗೆ ಪದರ ಪದರವಾಗಿರುತ್ತವೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕೆಸರಿನೊಂದಿಗೆ ಆ ಪದರಗಳ ನಡುವೆ ಸೇರಿ ಒಳಗಿನಿಂದ ತಿನ್ನುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಇದು ನನಗೆ ಬುದ್ಧಿಯಿಂದ ಗೊತ್ತಾದದ್ದಲ್ಲ. ನಾನೂ ನಿಮ್ಮ ಹಾಗೆಯೇ ಎಂಜಿನ್ ಮೊದಲು ಮಾಡಿಸಿದೆ. ಹೊಸ ಪಿಸ್ಟನ್, ಹೊಸ ಬೇರಿಂಗ್, ಗಟ್ಟಿ ವಾಲ್ವ್ ಸೀಟು, ಎಲ್ಲ ಆಯಿತು. ಆಮೇಲೆ ಚಕ್ರ ತೆಗೆಯಲೆಂದು ಪಕ್ಕಕ್ಕೆ ಜ್ಯಾಕ್ ಕೊಟ್ಟೆ. ಕಾರು ಮೇಲೇಳುವ ಬದಲು ಜ್ಯಾಕೇ ಕಾರಿನೊಳಗೆ ಹೋಯಿತು. ಜಾಗ ಬದಲಿಸಿ ಎತ್ತಿದರೆ ಬಾಗಿಲು ಬಿಗಿದುಕೊಂಡು ತೆರೆಯಲೇ ಇಲ್ಲ. ಮೈ ನಡುವಿನಲ್ಲಿ ಮಡಚಿಕೊಳ್ಳುತ್ತಿತ್ತು! ಮಾರಿದವರು ಕೊಳೆತ ಹೊಸ್ತಿಲಿನ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಮೆತ್ತಿ, ಕಪ್ಪು ಡಾಂಬರಿನಂಥ ಲೇಪ ಬಳಿದಿದ್ದರು. ಹೊಸ ಎಂಜಿನ್ ಎರಡು ವರ್ಷ ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿತು.

ಆದ್ದರಿಂದ ಮೊದಲು ಒಂದು ಆಯಸ್ಕಾಂತ ತೆಗೆದುಕೊಳ್ಳಿ, ಫ್ರಿಜ್ ಮೇಲೆ ಅಂಟಿಸುವಂಥದ್ದು ಸಾಕು. ಬಟ್ಟೆ ಸುತ್ತಿ ಹೊಸ್ತಿಲಿನ ಉದ್ದಕ್ಕೂ, ಮುಂದಿನ ರೆಕ್ಕೆಯ (ಚಕ್ರದ ಮೇಲಿನ ಮಡ್‌ಗಾರ್ಡಿನ) ಹಿಂಬದಿ, ಹಿಂದಿನ ರೆಕ್ಕೆಯ ಮುಂಬದಿ ಎಳೆಯಿರಿ. ಜಾರಿ ಬಿದ್ದಲ್ಲಿ ಇರುವುದು ಪುಟ್ಟಿ. ಆಮೇಲೆ ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ, ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳ ಕೊಂಡಿ ನೋಡಿ, ಸೀಟಿನ ಹಿಂದೆ ಬ್ಯಾಟರಿ ಪೆಟ್ಟಿಗೆ ನೋಡಿ. ನಿಮ್ಮ ವರ್ಷದ ಕಾರಿಗೆ 6 ವೋಲ್ಟಿನ ಎರಡು ಬ್ಯಾಟರಿ ಇದ್ದವು, ಅವುಗಳ ಆಮ್ಲ ಚೆಲ್ಲಿ ಆ ಪೆಟ್ಟಿಗೆ ಕರಗಿರುವುದು ಮಾಮೂಲು. ಕೊನೆಗೆ ಜ್ಯಾಕ್ ಕೊಡುವ ಜಾಗಕ್ಕೇ ನಿಧಾನವಾಗಿ ಎತ್ತಿ, ಬಾಗಿಲು ತೆರೆದು ಮುಚ್ಚಿ. ಸಂದು ಬದಲಾಯಿತೇ ಎಂದು ನೋಡಿ. ಇದೆಲ್ಲ ಆದ ಮೇಲೆ ಮಾತಾಡೋಣ.

ಸ್ವಿಂಡನ್‌ನಿಂದ

ಲೆಸ್ಟರ್‌ನವರ ಮಾತಿಗೆ ನನ್ನ ಸಹಿ. ಚಾಲೂ ಮಾಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ. ಹನ್ನೊಂದು ವರ್ಷದ ಪೆಟ್ರೋಲ್ ಈಗ ವಾರ್ನಿಷ್. ಪ್ಲಗ್ ತೆಗೆದು ಸಿಲಿಂಡರುಗಳಿಗೆ ಎರಡೆರಡು ಚಮಚ ಎಣ್ಣೆ ಬಿಟ್ಟು ಒಂದು ದಿನ ಬಿಡಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ, ಎಣ್ಣೆಯ ಒತ್ತಡದ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ಎಂಜಿನ್ನಿಗೆ 20ಡಬ್ಲ್ಯು-50 ಎಣ್ಣೆ. ಈ ಕಾರಿನಲ್ಲಿ ಗೇರ್‌ಬಾಕ್ಸಿಗೂ ಅದೇ. ಗೇರ್ ಎಣ್ಣೆ ಹಿಂದಿನ ಆಕ್ಸಲ್‌ಗೆ ಮಾತ್ರ. ಪೇಟೆಯ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಗೇರ್‌ಬಾಕ್ಸಿಗೂ ಗೇರ್ ಎಣ್ಣೆ ತುಂಬಿ, ವೇಗದ ಓಟದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್ ಮುನಿಸಿಕೊಂಡಿತ್ತು.

ಇಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥೆನಾಲ್ ಬೆರೆತದ್ದು ಆಗಿದೆ. ಹಳೆಯ ರಬ್ಬರಿಗೆ ಎಥೆನಾಲ್ ಆಗುವುದಿಲ್ಲ. ದುಬಾರಿ ಸೂಪರ್ ಪೆಟ್ರೋಲನ್ನೇ ಹಾಕಿ, ಎಥೆನಾಲ್ ತಾಳುವ, ಆರ್9 ಎಂದು ಅಚ್ಚಾದ ಕೊಳವೆಗಳನ್ನೇ ಬಳಸಿ. ಬ್ರೇಕಿನ ರಬ್ಬರ್ ಕೊಳವೆಗಳನ್ನು ನೋಡುವುದೂ ಬೇಡ, ಬದಲಿಸಿ. ಹೊರಗೆ ಚೆನ್ನಾಗಿದ್ದು ಒಳಗೆ ಊದಿ ಮುಚ್ಚಿಕೊಂಡಿರುತ್ತವೆ.

ಎಡಿನ್‌ಬರೋದಿಂದ

ಈ ಕಾರುಗಳ ವಿದ್ಯುತ್ ಭಾಗಗಳನ್ನು ಮಾಡಿದ ಲ್ಯೂಕಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಎಂದು ಇಲ್ಲಿಯವರು ಹಾಸ್ಯ ಮಾಡುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಹೆಡ್‌ಲೈಟ್ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಹಾರ್ನ್ ನರಳಿದರೆ ಅದು ಹತ್ತರಲ್ಲಿ ಒಂಬತ್ತು ಸಲ ಅರ್ತ್, ಅಂದರೆ ಕರೆಂಟು ಕಾರಿನ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿ, ತಪ್ಪಿದ್ದು. ಕಪ್ಪು ತಂತಿ ಮೈಗೆ ಕೂರುವ ಪ್ರತಿ ಜಾಗವನ್ನೂ ಹೊಳೆಯುವ ತನಕ ಉಜ್ಜಿ. ತಂತಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರುಗಳನ್ನು ಹೊಸದಾಗಿ ಹಾಕಿ. ತಂತಿಯ ಬಣ್ಣಗಳು ಒಂದು ಭಾಷೆ, ವಾರದಲ್ಲಿ ಕಲಿಯಬಹುದು: ಕಂದು ಬ್ಯಾಟರಿಯಿಂದ ನೇರ, ಬಿಳಿ ಕೀಲಿ ತಿರುಗಿಸಿದ ಮೇಲೆ, ಹಸಿರು ಅದೇ ಫ್ಯೂಸ್ ದಾಟಿದ ಮೇಲೆ. ಯಾರೋ ಹಳೆಯ ಮಾಲೀಕರು ಎಳೆದಿರುವ ಗುಲಾಬಿ ಬಣ್ಣದ ಸ್ಪೀಕರ್ ತಂತಿ ಕಂಡರೆ ಮಾತ್ರ ಆ ಭಾಷೆ ಕೈಕೊಡುತ್ತದೆ.

ಮುಖ್ಯವಾದದ್ದು ಫ್ಯೂಸ್. ಹಳೆಯ ಕೈಪಿಡಿಯಲ್ಲಿ 35 ಆಂಪಿಯರ್ ಎಂದು ಬರೆದಿದೆ. ಅದು ಸುಟ್ಟುಹೋಗುವ ಮಟ್ಟ. ನಿರಂತರವಾಗಿ ಹೊರುವುದು 17 ಆಂಪಿಯರ್ ಮಾತ್ರ. ಈಗಿನ ಅಂಗಡಿಯಲ್ಲಿ ಸಿಗುವ 35ರ ಫ್ಯೂಸ್ ನಿರಂತರವಾಗಿ 35 ಹೊರುವಂಥದ್ದು. ಅದನ್ನು ಹಾಕಿದರೆ ಫ್ಯೂಸ್ ಬದಲು ತಂತಿಯೇ ಸುಡುತ್ತದೆ. ನನ್ನ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದದ್ದು ಹೀಗೆಯೇ, ಫೋರ್ತ್ ಸೇತುವೆಗೆ ಹೋಗುವ ದಾರಿಯಲ್ಲಿ, ಮಾವನವರು ಪಕ್ಕದಲ್ಲಿ ಕೂತಿದ್ದಾಗ.

ಕೀಲಿ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಕೇಳಬೇಕು, ಅದು ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್. ಕೇಳದಿದ್ದರೆ ಮೆಲ್ಲಗೆ ಒಂದು ಏಟು ಕೊಡಿ. ಸದ್ದು ಶುರುವಾದರೆ ಒಳಗಿನ ಪಾಯಿಂಟ್ (ಕರೆಂಟು ಹಾಯಿಸಿ ಕಡಿಯುವ ತುದಿ) ಅಂಟಿದೆ ಎಂದು ಅರ್ಥ.

ಕೊವೆಂಟ್ರಿಯಿಂದ

ನಿಮ್ಮೆಲ್ಲರ ಪಟ್ಟಿ ಓದಿದರೆ ಇಡೀ ಕಾರನ್ನೇ ಬಿಚ್ಚಬೇಕು ಅನ್ನಿಸುತ್ತದೆ. ನಾನು ಬಿಚ್ಚಬೇಡಿ ಎನ್ನುತ್ತೇನೆ. ನನ್ನ ಪರಿಚಯದ ಮೂವರ ಎಂಜಿಬಿಗಳು ಈಗ ರಟ್ಟಿನ ಡಬ್ಬಗಳಲ್ಲಿವೆ. ಯಾವ ಬೋಲ್ಟ್ ಯಾವುದರದ್ದೆಂದು ಮರೆತಿದೆ, ಮಕ್ಕಳು ಕಾಲೇಜಿಗೆ ಹೋಗಿದ್ದಾರೆ. ಹೊಸ್ತಿಲು ಗಟ್ಟಿಯಿದ್ದರೆ ಬ್ರೇಕ್, ಟೈರ್, ಸ್ಟೀರಿಂಗ್ ಸರಿಮಾಡಿಕೊಂಡು ಓಡಿಸುತ್ತಾ ಒಂದೊಂದೇ ಕೆಲಸ ಹಚ್ಚಿಕೊಳ್ಳಿ. 40 ವರ್ಷ ದಾಟಿದ ಕಾರಾದ್ದರಿಂದ ತೆರಿಗೆ ಇಲ್ಲ, ವಾರ್ಷಿಕ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಆದರೂ ನಾನು ಪ್ರತಿವರ್ಷ ಮಾಡಿಸುತ್ತೇನೆ. ಇನ್ನೊಬ್ಬರ ಕಣ್ಣು ಬೀಳುವುದು ಒಳ್ಳೆಯದು, ದೃಷ್ಟಿ ಬಿದ್ದರೂ ಚಿಂತೆಯಿಲ್ಲ.

ಹೊಸ್ತಿಲು, ನೆಲ, ರೆಕ್ಕೆ ಎಲ್ಲವೂ ಹೋಗಿದ್ದರೆ ಮಾತ್ರ ಬೇರೆ ಲೆಕ್ಕ ಹಾಕಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಮೂಲ ಅಚ್ಚುಗಳನ್ನೇ ಹುಡುಕಿ ಎಂಜಿಬಿಯ ಇಡೀ ಮೈಯನ್ನು ಹೊಸದಾಗಿ ತಯಾರಿಸಲು ಶುರುಮಾಡಿತು. ಅಗ್ಗವಲ್ಲ. ಆದರೆ ತೇಪೆಯ ಮೇಲೆ ತೇಪೆ ಹಾಕುವ ಕೂಲಿ ಕೂಡಿಸಿ ನೋಡಿದವರು ಅದರತ್ತ ತಿರುಗಿದ್ದುಂಟು. ಹಾಗೆಯೇ ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ನಿಮ್ಮ ಕಾರಿನ ಹುಟ್ಟಿನ ದಾಖಲೆ ತರಿಸಿಕೊಳ್ಳಿ. ಅಬಿಂಗ್ಡನ್ ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಟಿತ್ತು ಎಂಬುದು ಗೊತ್ತಾಗುತ್ತದೆ. ನನ್ನ ಕೆಂಪು ಕಾರು ಹುಟ್ಟಿನಲ್ಲಿ ಹಸಿರು.

ಬೆಂಗಳೂರಿನಿಂದ

ನನ್ನದು ಎಂಜಿಬಿ ಅಲ್ಲ, ಅದರ ದೊಡ್ಡಪ್ಪ. ತಂದೆಯವರು ಬಿಟ್ಟುಹೋದ 1948ರ ಎಂಜಿ ಟಿಸಿ. ಇಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲವಿದೆ. ಟಿಸಿಯ ತಗಡಿನೊಳಗೆ ಮರದ ಚೌಕಟ್ಟು. ಅದು ಮೆತ್ತಗಾಗಿ ಬಾಗಿಲು ಜೋತುಬಿದ್ದಾಗ ನಾನು ಹುಡುಕಿಕೊಂಡು ಹೋದದ್ದು ಮೆಕ್ಯಾನಿಕ್ಕನನ್ನಲ್ಲ, ಕಿಟಕಿ ಚೌಕಟ್ಟು ಮಾಡುವ ಬಡಗಿಯನ್ನು. ಹಳೆಯ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಳತೆಪಟ್ಟಿಯನ್ನೇ ತೆಗೆಯದೆ, ಹಲಗೆಯ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಕೂತುಕೊಂಡಿತು. ಬೋಲ್ಟುಗಳ ಕಥೆ ಇನ್ನೂ ವಿಚಿತ್ರ. ಟಿಸಿ ಎಂಜಿನ್ನಿನ ಬೋಲ್ಟಿನ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇದನ್ನು ವಿವರಿಸಲು ಹೋಗಿ ನಾನು ಹುಚ್ಚನೆನಿಸಿಕೊಂಡಿದ್ದೇನೆ. ನಿಮ್ಮದಕ್ಕೆ ಆ ಕಾಟವಿಲ್ಲ, ಇಂಚಿನ ಸ್ಪ್ಯಾನರುಗಳ ಒಂದು ಸೆಟ್ ಸಾಕು.

ಕಾರ್ಬುರೇಟರ್ ಮಾತ್ರ ನಮ್ಮಿಬ್ಬರಿಗೂ ಒಂದೇ ಮನೆತನದ್ದು, ಎರಡು ಎಸ್‌ಯು. ಕಂಪ್ಯೂಟರ್ ಹಿಡಿದವರಿಗೆ ಅದು ಮಂತ್ರವಿದ್ಯೆ ಅನ್ನಿಸಬಹುದು. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರ ಉಸಿರೂ ಒಂದೇ ಸಮ ಕೇಳುವ ತನಕ ಸ್ಕ್ರೂ ತಿರುಗಿಸಿ. ಆಮೇಲೆ ಒಂದೊಂದರ ಪಿಸ್ಟನ್ ಒಂದು ಮಿಲಿಮೀಟರಿನಷ್ಟು ಎತ್ತಿ. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಕ್ಷಣ ಏರಿ ಮತ್ತೆ ಇಳಿದರೆ ಸರಿ. ಕೆಳಗಿನ ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಿ, ಪ್ರತಿ ಸಲ ಕಾಯಿರಿ. ಇದಕ್ಕೂ ಮೊದಲು ವಾಲ್ವ್ ಸಂದು, ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು ಸರಿ ಇರಬೇಕು, ಇಲ್ಲದಿದ್ದರೆ ಇಡೀ ಭಾನುವಾರ ಕಾರ್ಬುರೇಟರನ್ನು ಬೈಯುತ್ತಾ ಕೂರುತ್ತೀರಿ. ಎರಡು ಸಂದೂ 0.015 ಇಂಚು, ವಾಲ್ವ್‌ನದು ಎಂಜಿನ್ ತಣ್ಣಗಿದ್ದಾಗ. ಒಂಬತ್ತರ ಲೆಕ್ಕ ನೆನಪಿಡಿ, ಎರಡೂ ಸಂಖ್ಯೆ ಕೂಡಿದರೆ ಒಂಬತ್ತು: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಅಳೆಯಿರಿ, ಆರನೆಯದು ತೆರೆದಾಗ ಮೂರನೆಯದನ್ನು.

ಇನ್ನೆರಡು ಮಾತು. ಹಳೆಯ ಬಿಡಿಭಾಗವನ್ನು ಎಸೆಯಬೇಡಿ. ಕಿಡಿ ಹೊತ್ತಿಸಲು ಬೇಕಾದ, ಈಗ ಬರುವ ಹೊಸ ಕಂಡೆನ್ಸರ್, ರೋಟರ್ ಆರ್ಮ್‌ಗಳಲ್ಲಿ ಕೆಲವು ನೂರು ಮೈಲಿಯೂ ಬಾಳುವುದಿಲ್ಲ. ಡಿಕ್ಕಿಯಲ್ಲಿಟ್ಟ ಹಳೆಯದೇ ನನ್ನನ್ನು ಎರಡು ಸಲ ಮನೆ ಮುಟ್ಟಿಸಿದೆ. ಎರಡನೆಯದು, ನಮ್ಮೂರ ಟ್ರಾಫಿಕ್‌ನಲ್ಲಿ ಕಲಿತವರ ಎಡಗಾಲು ಕ್ಲಚ್ ಮೇಲೆಯೇ ವಿಶ್ರಾಂತಿ ಪಡೆಯುತ್ತದೆ. ಎಂಜಿಬಿಯ ಕ್ಲಚ್ ಬಿಡಿಸುವ ಬೇರಿಂಗ್ ಇಂಗಾಲದ್ದು, ಒತ್ತಿಕೊಂಡೇ ಇದ್ದರೆ ಸವೆದುಹೋಗುತ್ತದೆ. ಅದನ್ನು ಬದಲಿಸಲು ಎಂಜಿನ್ ಹೊರಗೆ ಬರಬೇಕು. ಕಾಲನ್ನು ನೆಲದ ಮೇಲಿಡಿ.

ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯಕ್ಕೆ ಹೋದಾಗ ಎಲ್ಲರೂ ಕಾರುಗಳ ಬಣ್ಣ ನೋಡುತ್ತಿದ್ದರು, ನಾನೊಬ್ಬ ಬಗ್ಗಿ ಅಡಿಭಾಗ ನೋಡುತ್ತಿದ್ದೆ. ಈ ರೋಗ ನಿಮಗೂ ಅಂಟಲಿದೆ.

ಮತ್ತೆ ಲೆಸ್ಟರ್‌ನಿಂದ

ತಂತಿ ಚಕ್ರದ ವಿಷಯ ಮರೆತಿದ್ದೆ. ನಡುವಿನ ನಟ್ಟು, ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಬಿಚ್ಚುತ್ತದೆ. ಎಡಬದಿಯ ಹಬ್ (ಚಕ್ರ ಕೂರುವ ನಡುಭಾಗ) ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದ್ದರೆ ಚಕ್ರ ತಾನಾಗಿ ಕಳಚಿಕೊಳ್ಳುತ್ತದೆ. ಹಿಂದೆ ಯಾರು ಏನು ಮಾಡಿದ್ದಾರೋ, ಒಮ್ಮೆ ನೋಡಿ. ಒಳಗಿನ ಹಲ್ಲುಗಳಿಗೆ ಗ್ರೀಸ್ ಇರಲಿ, ತಾಮ್ರದ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಚಕ್ರಗಳು ಹೊರಳುವ ಗೂಟಗಳಾದ ಕಿಂಗ್‌ಪಿನ್‌ಗಳಿಗೂ ಪ್ರತಿ 3,000 ಮೈಲಿಗೆ ಗ್ರೀಸ್, ಒಂದೊಂದು ಬದಿಗೆ ಗ್ರೀಸ್ ತುಂಬುವ ಮೂರು ನಿಪ್ಪಲ್. ಎಷ್ಟೋ ಕಾರುಗಳಲ್ಲಿ ಮೂರನೆಯದು ಕೆಸರಿನಡಿ ಮುಚ್ಚಿಹೋಗಿ ಅದರ ಸುದ್ದಿಯೇ ಮಾಲೀಕರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಆಯಸ್ಕಾಂತ ಎಳೆದೆ. ಎಡಬದಿ ಪೂರ್ತಿ ಹಿಡಿಯಿತು. ಬಲಬದಿಯಲ್ಲಿ ಹಿಂದಿನ ರೆಕ್ಕೆಯ ಬುಡಕ್ಕೆ ಬಂದಾಗ ಟಪ್ಪನೆ ಬಿತ್ತು. ಸ್ಕ್ರೂಡ್ರೈವರಿನಿಂದ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ಪುಟ್ಟಿ ಕೆದಕಿದಾಗ ಹಿಂದೆ ಮಡಚಿ ತುರುಕಿದ ಪತ್ರಿಕೆಯ ಹಾಳೆ ಸಿಕ್ಕಿತು, ಫುಟ್‌ಬಾಲ್ ಪುಟ. ಜ್ಯಾಕ್ ಕೊಟ್ಟಾಗ ಬಲ ಬಾಗಿಲು ತೆರೆಯಿತು, ಮುಚ್ಚುವಾಗ ಮಾತ್ರ ಬೀಗದ ಹತ್ತಿರ ತಗುಲಿತು. ಎಂಜಿನ್ ಕೆಲಸಕ್ಕೆ ಗೊತ್ತುಮಾಡಿದ್ದ ಗ್ಯಾರೇಜಿಗೆ ಬೇಡವೆಂದು ಹೇಳಿದ್ದೇನೆ. ಸಂಜೆ ತರಗತಿಯಲ್ಲಿ ವೆಲ್ಡಿಂಗ್ ಕಲಿಯಲು ಹೆಸರು ಕೊಟ್ಟಿದ್ದೇನೆ. ಒಂದು ಚಳಿಗಾಲದ ಕರಾರು ಎರಡಾಗಿದೆ, ಬದಲಿಗೆ ಅಡುಗೆಮನೆಗೆ ಬಣ್ಣ ಬಳಿಯಬೇಕಂತೆ. ಹೊಸ್ತಿಲು ಕತ್ತರಿಸುವಾಗ ಮೈ ಮಡಚದ ಹಾಗೆ ಬಾಗಿಲಿನ ಜಾಗಕ್ಕೆ ಅಡ್ಡ ಕೊಡುವ ಕಬ್ಬಿಣದ ಚೌಕಟ್ಟು ಯಾರ ಬಳಿಯಾದರೂ ಇದೆಯೇ?

ಲೆಸ್ಟರ್‌ನಿಂದ

ನನ್ನ ಬಳಿ ಇದೆ, ಭಾನುವಾರ ಬಂದು ಒಯ್ಯಿರಿ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಕತ್ತರಿಸುವ ಮೊದಲು ಬಾಗಿಲಿನ ಸುತ್ತಲ ಸಂದುಗಳನ್ನೆಲ್ಲ ಅಳೆದು ಬರೆದಿಡಿ. ಹೊಸ ತಗಡು ಕೂತ ಮೇಲೆ ಒಳಗೆ ಮೇಣದ ಲೇಪ ಸಿಂಪಡಿಸಬೇಕು, ಆ ಪಂಪನ್ನೂ ಕೊಡುತ್ತೇನೆ. ಅಲ್ಲಿಯ ತನಕ ಬಾಗಿಲು ಕಳಚಬೇಡಿ, ಪತ್ರಿಕೆಯ ಹಾಳೆಯನ್ನೂ ಎಸೆಯಬೇಡಿ. ಯಾರು ಗೆದ್ದಿದ್ದರು ನೋಡೋಣ.