ಕೃಷ್ಣಾ ಹೊಳೆಯ ಕಪ್ಪು ನುಣುಪು ಕಲ್ಲು: ಸಾಲಿಗ್ರಾಮವಾ, ಉಲ್ಕೆಯಾ?

ಹೊಳೆದಂಡೆ: ಜಮಖಂಡಿ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಸಿಕ್ಕಿದ್ದು. ಅಚ್ಚ ಕಪ್ಪು, ಅಂಗೈ ತುಂಬುವಷ್ಟು, 290 ಗ್ರಾಂ. ಮೈಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕೆ. ಅಯಸ್ಕಾಂತ ತುಸು ಹಿಡಿಯುತ್ತದೆ. ಮನೆಯಲ್ಲಿ ಸಾಲಿಗ್ರಾಮ ಅಂತಾರೆ, ಪಕ್ಕದವರು ಉಲ್ಕಾಶಿಲೆ ಅಂತಾರೆ. ಒಡೆಯದೆ ತಿಳಿಯೋದು ಹೇಗೆ?

ಕರಿಕಲ್ಲು: ಚುಕ್ಕೆಗಳೇ ಅರ್ಧ ಉತ್ತರ ಕೊಟ್ಟಿವೆ. ಲಾವಾ ಆರುವಾಗ ಗಾಳಿಗುಳ್ಳೆಗಳು ಬಿಟ್ಟ ತೂತಿನಲ್ಲಿ ಆಮೇಲೆ ಕ್ಯಾಲ್ಸೈಟ್, ಜಿಯೊಲೈಟ್‌ನಂಥ ಬಿಳಿ ಖನಿಜಗಳು ತುಂಬಿಕೊಳ್ಳುತ್ತವೆ. ಮಹಾಬಳೇಶ್ವರದಿಂದ ಇಳಿದ ಕೃಷ್ಣೆ ಬಹುದೂರ ದಖನ್ ಲಾವಾ ಹಾಸಿನ ಮೇಲೇ ಹರಿಯುತ್ತದೆ. ಅದು ಸುಮಾರು 6.6 ಕೋಟಿ ವರ್ಷದ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲು. ಅದರೊಳಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುವುದರಿಂದ ಅಯಸ್ಕಾಂತ ಹಿಡಿದದ್ದರಲ್ಲಿ ಅಚ್ಚರಿಯಿಲ್ಲ.

ಖಾತ್ರಿಗೆ ಸಾಂದ್ರತೆ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಕೈಯಲ್ಲೇ ಹಿಡಿದಿರಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅದರಿಂದ 290ನ್ನು ಭಾಗಿಸಿ. ಕಲ್ಲು ತಳಕ್ಕೆ ತಾಗಿದರೆ ಲೆಕ್ಕ ಕೆಟ್ಟಿತು. ಮೈಗೆ ಗುಳ್ಳೆ ಅಂಟಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ, ಮೊದಲು ಬೆರಳಿಂದ ಸವರಿ. ಬಸಾಲ್ಟ್ 2.8ರಿಂದ 3.0, ಬೆಣಚುಕಲ್ಲು 2.65, ಹೆಮಟೈಟ್ ಎಂಬ ಕಬ್ಬಿಣದ ಅದಿರು 5ರ ಆಸುಪಾಸು.

ಒರೆಗಲ್ಲು: ಬಣ್ಣ ನೋಡುವ ಮೊದಲು ಬಿಸಿಲಲ್ಲಿ ಒಣಗಿಸಿ. ಒದ್ದೆಯಾದರೆ, ಎಣ್ಣೆ ಹಚ್ಚಿದರೆ, ಬೂದು ಕಲ್ಲೂ ಕಪ್ಪೇ. ಟೈಲ್ಸ್‌ನ ಹಿಂಬದಿಯ ಒರಟಿನ ಮೇಲೆ ಉಜ್ಜಿ: ಹೆಮಟೈಟ್ ಎಷ್ಟೇ ಕಪ್ಪಗಿದ್ದರೂ ಗೆರೆ ಕೆಂಪು.

ಚಾಕುವಿನಿಂದ ಗೀರಿ ನೋಡುವವರು ಮೋಸಹೋಗುವುದು ಒಂದೇ ಕಡೆ. ಗಟ್ಟಿ ಕಲ್ಲಿನ ಮೇಲೆ ಚಾಕುವೇ ಸವೆದು ಹೊಳೆಯುವ ಗೆರೆ ಬಿಡುತ್ತದೆ. ಒದ್ದೆ ಹೆಬ್ಬೆರಳಿಂದ ತಿಕ್ಕಿ. ಅಳಿಸಿಹೋದರೆ ಅದು ಉಕ್ಕಿನದು, ಕಲ್ಲಿನ ಗೀರಲ್ಲ.

ಉಲ್ಕೆಯ ಮಾತು ಬಿಡಿ. ಅದರ ಕಪ್ಪು ತೆಳ್ಳಗಿನ ಸುಟ್ಟ ಸಿಪ್ಪೆಯಷ್ಟೇ, ಹೊಳೆಯಲ್ಲಿ ಹೀಗೆ ಉರುಟಾಗುವಷ್ಟು ಉಜ್ಜಿಸಿಕೊಂಡರೆ ಉಳಿಯದು.

ಗಂಡಕಿ: ಸಾಲಿಗ್ರಾಮದ ಹುಟ್ಟೂರು ನೇಪಾಳದ ಕಾಳಿ ಗಂಡಕಿ ಕಣಿವೆ. ಲಾವಾ ಅಲ್ಲ, ಸಮುದ್ರದ ಕೆಸರು ಗಟ್ಟಿಯಾದ ಕಪ್ಪು ಶೇಲ್ ಪದರದ ಉಂಡೆ. ಒಳಗೆ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ. ಚಕ್ರ ಅನ್ನುವುದು ಅದರ ಸುರುಳಿಯನ್ನೇ. ಪೂಜೆ ನಿಮ್ಮಿಷ್ಟ, ಕಲ್ಲು ಮಾತ್ರ ಬೇರೆ.

ಹೊಳೆದಂಡೆ: ತಕ್ಕಡಿ 101 ತೋರಿಸಿತು, ಅಂದರೆ 2.87. ಗೆರೆ ಬೂದು. ಚುಕ್ಕೆಗೆ ನಿಂಬೆರಸ ಬಿಟ್ಟರೆ ಏನೂ ಆಗಲಿಲ್ಲ.

ಕರಿಕಲ್ಲು: ಬಸಾಲ್ಟೇ. ನಿಂಬೆಹುಳಿ ದುರ್ಬಲ, ಸೂಜಿಯಿಂದ ಚುಕ್ಕೆಯ ಪುಡಿ ಕೆರೆದು, ಅದರ ಮೇಲೆ ಹನಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ನೊರೆ ಬಂದರೆ ಕ್ಯಾಲ್ಸೈಟ್, ಬರದಿದ್ದರೆ ಬಹುಶಃ ಜಿಯೊಲೈಟ್. ಸೂಜಿಗೆ ಪುಡಿಯೇ ಏಳದಿದ್ದರೆ ಬಹುಶಃ ಅಗೇಟ್, ಬೆಣಚಿನ ಜಾತಿಯ ಗಟ್ಟಿ ಕಲ್ಲು.