ವಿಚ್ಛೇದನದ ದರ ಇಳಿದಿದೆ ಎಂದರೆ ದಾಂಪತ್ಯ ಗಟ್ಟಿಯಾಗಿದೆ ಎಂದೇ?

ಪ್ರಶ್ನೆ:
ಅಮೆರಿಕದಲ್ಲಿ 1980ರ ಸುಮಾರಿಗೆ ಸಾವಿರ ಜನಸಂಖ್ಯೆಗೆ 5ಕ್ಕೂ ಹೆಚ್ಚು ವಿಚ್ಛೇದನ ಆಗುತ್ತಿದ್ದವು, ಈಗ 2.5ರ ಆಸುಪಾಸು. ಆದರೂ "ಅರ್ಧಕ್ಕರ್ಧ ಮದುವೆ ಮುರಿಯುತ್ತವೆ" ಅನ್ನುವ ಮಾತು ನಿಂತಿಲ್ಲ. ಯಾವುದನ್ನು ನಂಬಬೇಕು? ಇಳಿಕೆಗೆ ಕಾರಣವೇನು?

ಉತ್ತರ 1:
ಕಾರಣ ಹುಡುಕುವ ಮೊದಲು ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಅಂತ ನೋಡಿ. "ಅರ್ಧಕ್ಕರ್ಧ" ಲೆಕ್ಕ ಬಹಳ ಸಲ ಹುಟ್ಟುವುದು ಈ ವರ್ಷದ ವಿಚ್ಛೇದನಗಳನ್ನು ಈ ವರ್ಷದ ಮದುವೆಗಳಿಂದ ಭಾಗಿಸಿದಾಗ. ಒಂದು ಕಡೆ 10,000 ಮದುವೆ, 4,000 ವಿಚ್ಛೇದನ ಆದವು ಅನ್ನಿ: ಶೇ. 40. ಮುಂದಿನ ವರ್ಷ ಮದುವೆ 8,000ಕ್ಕೆ ಇಳಿದು ವಿಚ್ಛೇದನ ಅಷ್ಟೇ ಉಳಿದರೆ ಶೇ. 50! ಒಂದೇ ಒಂದು ಸಂಸಾರವೂ ಹೆಚ್ಚಿಗೆ ಮುರಿದಿಲ್ಲ. ಆ 4,000 ಜೋಡಿಗಳು ಮದುವೆಯಾಗಿದ್ದು 3, 12, 30 ವರ್ಷಗಳ ಹಿಂದೆ.

ಸಾವಿರ ಜನಸಂಖ್ಯೆಗೆ ಇಷ್ಟು ಅನ್ನುವ ಲೆಕ್ಕದಲ್ಲಿ ಮಕ್ಕಳೂ ಅವಿವಾಹಿತರೂ ಸೇರಿರುತ್ತಾರೆ. ಮದುವೆಯಾಗುವವರೇ ಕಡಿಮೆಯಾದರೆ ಅದು ತಾನಾಗಿಯೇ ಇಳಿಯುತ್ತದೆ. ಸಾವಿರ ವಿವಾಹಿತ ಮಹಿಳೆಯರಿಗೆ ಎಷ್ಟು ಅನ್ನುವುದು ಅದಕ್ಕಿಂತ ಮೇಲು. ಎಲ್ಲಕ್ಕಿಂತ ನಂಬಿಕಸ್ತ ದಾರಿ, ಒಂದೇ ವರ್ಷ ಮದುವೆಯಾದವರನ್ನು ವರ್ಷವರ್ಷವೂ ಹಿಂಬಾಲಿಸುವುದು. ಉತ್ತರಕ್ಕೆ ದಶಕಗಟ್ಟಲೆ ಕಾಯಬೇಕು, ಅದೊಂದೇ ತೊಡಕು.

ಉತ್ತರ 2:
ಕಾರಣಗಳಿಗೆ ಬರೋಣ. ಇಳಿಕೆಯಲ್ಲಿ ದೊಡ್ಡ ಪಾಲು ಮದುವೆಯ ವಯಸ್ಸಿನದು ಅಂತ ನನ್ನ ಅಭಿಪ್ರಾಯ. ಹದಿಹರೆಯದಲ್ಲಿ ಆದ ಮದುವೆಗಳು ಮುರಿಯುವ ಸಂಭವ ಹೆಚ್ಚು. ಅಂಥವು ಕಡಿಮೆಯಾದ ಕಡೆ ದರವೂ ತಗ್ಗುತ್ತದೆ. ಜೊತೆಗೆ, ಮದುವೆಯಾಗದೆ ಕೂಡಿ ಬಾಳುವವರು ಬೇರೆಯಾದರೆ ಅದು ಯಾವ ದಾಖಲೆಗೂ ಸೇರುವುದಿಲ್ಲ. ಸಂಬಂಧ ಮುರಿದದ್ದು ನಿಜ, ವಿಚ್ಛೇದನ ಮಾತ್ರ ಶೂನ್ಯ.

ಕಾನೂನು ಬದಲಾದ ವರ್ಷದ ಅಂಕಿಯನ್ನು ಎಚ್ಚರದಿಂದ ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಸಂಗಾತಿಯ ತಪ್ಪು ಸಾಬೀತುಪಡಿಸದೆಯೇ ವಿಚ್ಛೇದನ ಪಡೆಯಬಹುದಾಯಿತು. ದಾರಿ ಸುಲಭವಾದಾಗ ಎಷ್ಟೋ ವರ್ಷದಿಂದ ಕಾದವರು ಒಟ್ಟಿಗೇ ಅರ್ಜಿ ಹಾಕುತ್ತಾರೆ, ದರ ನೆಗೆಯುತ್ತದೆ. ಚೀನಾದಲ್ಲಿ ಆದದ್ದು ಇದರ ತಿರುವುಮುರುವು. 2021ರ ಜನವರಿ 1ರಿಂದ, ಪರಸ್ಪರ ಒಪ್ಪಿಗೆಯ ಅರ್ಜಿ ಕೊಟ್ಟ ಮೇಲೆ 30 ದಿನ ಕಾಯಬೇಕು. ಆ ಅವಧಿಯಲ್ಲಿ ಯಾರೊಬ್ಬರೂ ಅರ್ಜಿ ವಾಪಸ್ ಪಡೆಯಬಹುದು. ನಂತರದ 30 ದಿನಗಳಲ್ಲಿ ಇಬ್ಬರೂ ಖುದ್ದಾಗಿ ಹೋಗದಿದ್ದರೆ ಅರ್ಜಿ ಬಿದ್ದುಹೋಯಿತು. ಆ ವರ್ಷ ನೋಂದಣಿ ಕಚೇರಿಗಳ ವಿಚ್ಛೇದನ ಧಡಕ್ಕನೆ ಕುಸಿಯಿತು. ಇದನ್ನು ಸಾಮರಸ್ಯ ಅನ್ನಲಾಗದು. ಕೋರ್ಟಿನ ದಾವೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಎರಡೂ ಅಂಕಿ ಕೂಡಿಸಿಯೇ ನೋಡಬೇಕು.

ಉತ್ತರ 3:
ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಸರಾಸರಿ ಇಳಿದರೂ ಎಲ್ಲ ವಯಸ್ಸಿನಲ್ಲೂ ಇಳಿದಿಲ್ಲ. ಅಮೆರಿಕದಲ್ಲಿ 1990ರಿಂದ 2010ರ ನಡುವೆ 50 ದಾಟಿದವರ ವಿಚ್ಛೇದನ ದರ ಸುಮಾರು ಇಮ್ಮಡಿಯಾಯಿತು. ವಯಸ್ಸಿನ ಗುಂಪು ಬಿಡಿಸದ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ.

ಮದುವೆ ದರಕ್ಕೂ ಇದೇ ಎಚ್ಚರ ಬೇಕು. ಅಲ್ಲಿ 2020ರಲ್ಲಿ ಸಾವಿರಕ್ಕೆ 5.1ಕ್ಕೆ ಬಿದ್ದದ್ದು 2022ರಲ್ಲಿ 6.2ಕ್ಕೆ ಏರಿತು. ಕೋವಿಡ್‌ನಿಂದ ಮುಂದೂಡಿದ ಮದುವೆಗಳು ಆಮೇಲೆ ನಡೆದವು. ಆ ಎರಡೇ ವರ್ಷ ಹಿಡಿದು "ಯುವಜನರಿಗೆ ಮದುವೆ ಬೇಡವಾಗಿದೆ" ಅಂತಲೋ "ಮತ್ತೆ ಬೇಕಾಗಿದೆ" ಅಂತಲೋ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಕನಿಷ್ಠ ಹತ್ತು ವರ್ಷದ ಸಾಲು ಮುಂದಿಟ್ಟುಕೊಳ್ಳಿ. ಇನ್ನೊಂದು: ಅಲ್ಲಿನ ರಾಷ್ಟ್ರೀಯ ವಿಚ್ಛೇದನ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾ ಸೇರಿ ಕೆಲವು ರಾಜ್ಯಗಳು ಇಲ್ಲವೇ ಇಲ್ಲ. ಕೋಷ್ಟಕದ ಅಡಿಟಿಪ್ಪಣಿ ಓದದೆ ಒಟ್ಟು ಸಂಖ್ಯೆಯನ್ನು ಇಡೀ ದೇಶದ್ದು ಅಂದುಕೊಳ್ಳಬೇಡಿ.